ಚಟ್ನಿಪುಡಿಯೊಳಗೆ ನಾನು ಹೂತಿಟ್ಟದ್ದು

ಆ ವೇಪು ಇರ್ಫಾನನದಲ್ಲ. ಅವನ ಪೆಟ್ಟಿಗೆಯೊಳಗೆ ಅದು ಹೋಗುವ ಹಾಗೆ ಮಾಡಿದವಳು ನಾನು. ಅವನು ವಿಮಾನ ನಿಲ್ದಾಣದಿಂದ ಫೋನು ಮಾಡಿ ಕೇಳಿದಾಗ ನನಗೆ ಗೊತ್ತಿಲ್ಲ ಎಂದವಳೂ ನಾನೇ. ನಡೆದದ್ದು ಇಷ್ಟು. ಅವನು ಸುಳ್ಳುಗಾರನಲ್ಲ, ಕಳ್ಳಸಾಗಣೆಯವನಲ್ಲ, ಹೊಗೆ ಸೇದುವವನೂ ಅಲ್ಲ. ಸುಳ್ಳು ಹೇಳಿದ್ದು ಒಬ್ಬಳೇ — ಈ ತಿಪ್ಪಮ್ಮ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಅಕ್ಷರ ಸೊಟ್ಟ, ಒತ್ತಕ್ಷರ ಎಲ್ಲೆಲ್ಲೋ ಬೀಳುತ್ತವೆ. ಆದರೂ ಇದನ್ನು ನನ್ನ ಕೈಯಲ್ಲೇ ಬರೆಯುತ್ತಿದ್ದೇನೆ. ಬೇರೆಯವರಿಗೆ ಹೇಳಿ ಬರೆಸಿದರೆ ಅವರು ನನ್ನ ಮೇಲಿನ ಪ್ರೀತಿಗೆ ಒಂದೆರಡು ಮಾತು ಮೆತ್ತಗೆ ಮಾಡಿಬಿಡುತ್ತಾರೆ. ಅದು ಬೇಡ.

ನನ್ನ ಗಂಡ ಹೋದ ಮೇಲೆ ಮಗ ಮಂಜುನಾಥ ನನ್ನನ್ನು ಚಳ್ಳಕೆರೆ ಕಡೆಯಿಂದ ಎತ್ತಿ ತಂದು ಸ್ವೀಡನ್ನಿನ ಸೊಲ್ಲೆಂಟುನಾದಲ್ಲಿ ಕೂರಿಸಿದ. ಮೂರನೇ ಮಹಡಿಯ ಮನೆ. ಮಗ, ಸೊಸೆ ಇಬ್ಬರೂ ಬೆಳಗ್ಗೆ ಕೆಲಸಕ್ಕೆ ಹೋದರೆ ಸಂಜೆ ಬರುತ್ತಿದ್ದರು. ಮೊಮ್ಮಗಳು ಅನನ್ಯ ಸ್ಕೂಲಿಗೆ. ನನ್ನ ಭಾಷೆಯನ್ನು ನನ್ನ ಹಾಗೇ ಆಡುವವನು ಅಲ್ಲಿ ನನಗೆ ಒಬ್ಬನೇ ಸಿಕ್ಕಿದ್ದ — ಇರ್ಫಾನ್. ಹಿರಿಯೂರಿನವನು, ಉಪ್ಸಾಲಾದಲ್ಲಿ ಡಾಕ್ಟರೇಟು ಮಾಡುತ್ತಿದ್ದ. ಪ್ರತಿ ಶನಿವಾರ ರೈಲು ಹತ್ತಿ ಬಂದು ಅನನ್ಯಳಿಗೆ ಲೆಕ್ಕ ಹೇಳಿಕೊಡುತ್ತಿದ್ದ. ಬೇರೆ ಕನ್ನಡದವರ ಮುಂದೆ ಬೆಂಗಳೂರಿನವರ ಹಾಗೆ ನಾಜೂಕಾಗಿ ಮಾತಾಡುವವನು ನನ್ನ ಅಡಿಗೆಮನೆಗೆ ಬಂದರೆ ಸಾಕು, 'ಅಜ್ಜಿ, ಮುದ್ದೆ ಐತಾ?' ಅನ್ನುತ್ತಿದ್ದ. 'ಐತೆ ಬಾರೋ, ಮೊದ್ಲು ಕೈ ತೊಳ್ಕೋ' ಎಂದು ನಾನು. ಎರಡು ಮುದ್ದೆ ಉಣ್ಣುತ್ತಿದ್ದ. ಮೂರನೆಯದಕ್ಕೆ 'ಬ್ಯಾಡ ಅಜ್ಜಿ, ರೈಲು ಎಳೆಯಲ್ಲ' ಎನ್ನುವನು.

ಇಂಥವನಿಗೆ ನಾನು ಮಾಡಿದ್ದು ಬರೆಯುತ್ತೇನೆ.

ನನಗೆ ಓಬಣ್ಣ ಅಂತ ಒಬ್ಬ ತಮ್ಮ. ಊರಲ್ಲಿದ್ದಾನೆ, ಬೀಡಿ ಸೇದಿ ಸೇದಿ ಎದೆ ಗೊರಗೊರ ಅನ್ನಿಸಿಕೊಂಡವನು. ಫೋನಿನಲ್ಲಿ ಮಾತಿಗಿಂತ ಕೆಮ್ಮೇ ಹೆಚ್ಚು. ಇಲ್ಲಿ ಸೆಂಟ್ರುಮ್ಮಿನಲ್ಲಿ, ಅಂದರೆ ನಮ್ಮ ಸ್ಟೇಷನ್ ಪಕ್ಕದ ಅಂಗಡಿ ಸಾಲಿನಲ್ಲಿ, ಜನ ಪೆನ್ನಿನಂಥದ್ದನ್ನು ಬಾಯಿಗಿಟ್ಟು ಹಬೆ ಬಿಡುವುದನ್ನು ನೋಡುತ್ತಿದ್ದೆ. ಇದೇನು ಎಂದು ಕೇಳಿದರೆ ಸೊಸೆ, 'ವೇಪ್ ಅತ್ತೆ, ಸಿಗರೇಟ್ ಬಿಡೋಕೆ ಕೆಲವರು ಯೂಸ್ ಮಾಡ್ತಾರೆ' ಎಂದಳು. ಅಷ್ಟು ಸಾಕಾಯಿತು ನನಗೆ. ಮಾರನೆಯ ವಾರ ಒಬ್ಬಳೇ ಅಂಗಡಿಗೆ ಹೋಗಿ ಬೆರಳಿನಲ್ಲಿ ತೋರಿಸಿ ಒಂದನ್ನು ತಂದೆ. ಅಂಗಡಿಯವನು ಅವನ ಭಾಷೆಯಲ್ಲಿ ಏನೇನೋ ಹೇಳಿದ. ನಾನು ತಲೆಯಾಡಿಸಿದೆ. ಡಬ್ಬದೊಳಗೆ ಒಂದು ಚೀಟಿ ಇತ್ತು, ಬೆಂಕಿಯ ಚಿತ್ರ, ಅದರ ಮೇಲೆ ಅಡ್ಡಗೆರೆ — ಕಣ್ಣಿಗೆ ಬಿದ್ದಿತ್ತು, ಬೀಳಲಿಲ್ಲ ಅನ್ನುವುದಿಲ್ಲ. ಡಬ್ಬದ ಜೊತೆ ಅದನ್ನೂ ಕಸಕ್ಕೆ ಹಾಕಿದೆ.

ಇನ್ನು ಕಳಿಸುವುದು ಹೇಗೆ? ಇಲ್ಲಿಂದ ಊರಿಗೆ ಯಾರು ಹೊರಟರೂ ನಮ್ಮವರು ಒಂದೊಂದು ಗಂಟು ಕೊಟ್ಟು ಕಳಿಸುತ್ತಾರೆ. ಒಬ್ಬರಿಗೆ ಚಾಕಲೇಟು, ಒಬ್ಬರಿಗೆ ಮಾತ್ರೆ, ಒಬ್ಬರಿಗೆ ಸ್ವೆಟರು. ಹೊರಟವನ ಸ್ವಂತ ಬಟ್ಟೆಗೇ ಜಾಗ ಇರುವುದಿಲ್ಲ. 'ಇಷ್ಟೇ ಇಷ್ಟು, ಒಂದು ಮೂಲೇಲಿ ಇಟ್ಕೊಳ್ಳಪ್ಪ' ಎಂದರೆ ಇಲ್ಲ ಅನ್ನುವವನು ನಮ್ಮಲ್ಲಿ ಹುಟ್ಟಿಲ್ಲ. ಇರ್ಫಾನ್ ಆ ಸಲ ಹೊರಟಿದ್ದ. ಅವನ ತಂಗಿ ರುಕ್ಸಾನಾಳ ನಿಕಾಹ್. ತಂದೆ ಇಲ್ಲದ ಮನೆ, ಇವನೊಬ್ಬನೇ ಅಣ್ಣ. ನಿಕಾಹಿನಲ್ಲಿ ಹುಡುಗಿಯ ಪರವಾಗಿ ಕೂತು ಒಪ್ಪಿಗೆ ಹೇಳುವವನು ಇವನೇ ಆಗಬೇಕು ಎಂದು ಆ ಹುಡುಗಿ ಹಟ ಹಿಡಿದಿದ್ದಳಂತೆ. 'ನೀನು ಬರದಿದ್ರೆ ನಾನು ಕಬೂಲ್ ಅನ್ನೋದೇ ಇಲ್ಲ ಅಂತವ್ಳೆ ಅಜ್ಜಿ' ಎಂದು ನನ್ನ ಮುಂದೆ ಎಷ್ಟು ಸಲ ಹೇಳಿದ್ದನೋ. ಲ್ಯಾಬಿನಲ್ಲಿ ರಜೆ ಸಿಕ್ಕಿದ್ದು ಕಡಿಮೆ. ವಿಮಾನ ಇಳಿದ ಮಾರನೆಯ ದಿನವೇ ನಿಕಾಹ್.

ಹೀಗೆ ಸಾಮಾನು ಕಳಿಸುತ್ತೇನೆ ಎಂದರೆ ಮಗ ಬೈಯುತ್ತಾನೆ, ಇರ್ಫಾನ್ ಒಯ್ಯುವುದಿಲ್ಲ. ಅವನು ಟೀ ಬಿಟ್ಟರೆ ಯಾವ ಚಟವೂ ಇಲ್ಲದವನು. ಅದಕ್ಕೆ ನಾನು ನಮ್ಮವ್ವ ಮಾಡುತ್ತಿದ್ದ ಕೆಲಸ ಮಾಡಿದೆ. ನಮ್ಮವ್ವ ಓಲೆ, ಮೂಗುಬೊಟ್ಟನ್ನು ಬೀರುವಿನಲ್ಲಿ ಇಡುತ್ತಿರಲಿಲ್ಲ. ರಾಗಿಯ ವಾಡೆಯೊಳಗೆ ಮೊಳಕೈವರೆಗೂ ತೋಳು ಇಳಿಸಿ ಹೂಳುತ್ತಿದ್ದಳು. ಮೇಲೆ ನೋಡಿದರೆ ಬರೀ ರಾಗಿ. ನಾನು ಆ ವೇಪನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಸ್ಟೀಲು ಡಬ್ಬಿಯ ನಡುವಿಗಿಟ್ಟು, ಸುತ್ತಲೂ ಶೇಂಗಾ ಚಟ್ನಿಪುಡಿ ತುಂಬಿ ಮುಷ್ಟಿಯಲ್ಲಿ ಅದುಮಿದೆ. ಗಟ್ಟಿಯಾಗಿ ಅದುಮಿದೆ, ಅಲ್ಲಾಡಬಾರದೆಂದು. ಮುಚ್ಚಳದ ಸುತ್ತ ಟೇಪು ಸುತ್ತಿದೆ.

ಇರ್ಫಾನ್ ಡಬ್ಬಿಯನ್ನು ಕೈಯಲ್ಲಿ ತೂಗಿ ನೋಡಿದ. 'ಏನೈತೆ ಅಜ್ಜಿ ಇದ್ರಾಗೆ, ಈಟು ಭಾರ?'

'ಚಟ್ನಿಪುಡಿ ಕಣೋ, ಬಾಂಬಲ್ಲ' ಎಂದೆ.

ಇಬ್ಬರೂ ನಕ್ಕೆವು. ಆ ಮಾತು ನನ್ನ ಬಾಯಿಂದಲೇ — ಬಿಡಿ.

ಅವನು ಹೊರಟ ದಿನ ಮಧ್ಯಾಹ್ನ ನನ್ನ ಫೋನು ಬಡಿದುಕೊಂಡಿತು. ಮನೆಯಲ್ಲಿ ಯಾರೂ ಇರಲಿಲ್ಲ. ಇರ್ಫಾನನ ದನಿ ಬೇರೆಯಾಗಿತ್ತು. ನಿಧಾನವಾಗಿ, ಒಂದೊಂದೇ ಮಾತು ಎಣಿಸಿ ಇಟ್ಟ ಹಾಗೆ ಮಾತಾಡಿದ.

'ಅಜ್ಜಿ, ಗಾಬ್ರಿ ಆಗ್ಬ್ಯಾಡ್ರಿ. ನಿಮ್ ಡಬ್ಬಿಯಾಗೆ ಬ್ಯಾಟ್ರಿ ಇರೋ ಸಾಮಾನು ಸಿಕ್ಕೈತೆ. ಮಿಷಿನ್‌ನಾಗೆ ಪುಡಿ ಮಧ್ಯ ವೈರು ಬ್ಯಾಟ್ರಿ ಕಂಡು ಇವ್ರೆಲ್ಲ ಹೆದರ್ಕೊಂಡವ್ರೆ. ಪೊಲೀಸ್ರು ಬಂದವ್ರೆ. ಬ್ಯಾಗ್ ನಾನೇ ತುಂಬಿದ್ದು, ಬೇರೆಯವ್ರದ್ದು ಏನೂ ಇಲ್ಲ ಅಂತ ಕೌಂಟರ್‌ನಾಗೆ ಹೇಳ್ಬಿಟ್ಟಿದ್ದೆ. ಈಗ ನಂದಲ್ಲ ಅಂದ್ರೆ ನಂಬ್ತಿಲ್ಲ. ಅದು ನಿಮ್ದಾ ಅಜ್ಜಿ? ಹೌದು ಅನ್ನಿ ಸಾಕು. ಫೋನು ಸ್ಪೀಕರ್‌ನಾಗೈತೆ. ಇಲ್ಲೊಬ್ರು ಹಿಂದಿ ಬಲ್ಲೋರು ಅವ್ರೆ, ನೀವು ಹೌದು ಇಲ್ಲ ಅಂದ್ರೆ ಅಷ್ಟು ಅವ್ರಿಗೆ ತಿಳೀತದೆ. ನಿಮಗೇನೂ ಮಾಡಲ್ಲ ಅಂತ ಹೇಳವ್ರೆ. ಗೇಟು ಮುಚ್ಚೋಕೆ ಇನ್ನೂ ಟೈಮೈತೆ.'

ಪೊಲೀಸು ಅನ್ನುವ ಮಾತು ಕಿವಿಗೆ ಬಿದ್ದದ್ದೇ ನನಗೆ ನನ್ನ ಕಾಗದದ ನೆನಪಾಯಿತು. ಆಗ ನಾನು ಈ ದೇಶದಲ್ಲಿ ಉಳಿಯುವ ಕಾಗದ ಇನ್ನೂ ಆಫೀಸಿನಲ್ಲಿತ್ತು. ಪೊಲೀಸಿನಲ್ಲಿ ಹೆಸರು ಬಂದರೆ ಕಾಗದ ಹರಿದು ಬಿಸಾಕುತ್ತಾರೆ, ಮಗನ ಕೆಲಸಕ್ಕೂ ಕುತ್ತು ಎಂದು ಯಾರೋ ಹೆದರಿಸಿದ್ದರು. ಅದು ನಿಜವೋ ಸುಳ್ಳೋ ನಾನು ಯಾರನ್ನೂ ಕೇಳಲಿಲ್ಲ. ಆ ಹೊತ್ತಿನಲ್ಲಿ ಇರ್ಫಾನನ ತಂಗಿ ನೆನಪಿಗೆ ಬಂದಳೇ ಎಂದರೆ — ಬಂದಳು. ಬಂದಳು ಅನ್ನುವುದೇ ನನ್ನನ್ನು ತಿನ್ನುವುದು. ನೆನಪಿದ್ದೇ ಹೇಳಿದೆ.

'ನಂಗೇನೂ ಗೊತ್ತಿಲ್ಲಪ್ಪ. ನಾನು ಕೊಟ್ಟಿದ್ದು ಚಟ್ನಿಪುಡಿ ಅಷ್ಟೇ.'

ಆ ಕಡೆ ಯಾರೋ ಕೆಮ್ಮಿದರು. ಕುರ್ಚಿ ಸರಿಸಿದ ಸದ್ದಾಯಿತು.

'ಆಯ್ತು ಅಜ್ಜಿ' ಎಂದ. ಇಟ್ಟುಬಿಟ್ಟ.

ಅವನ ಮೇಲೆ ಕೇಸು ಆಗಲಿಲ್ಲ. ಆ ಸಾಮಾನನ್ನು ಬಿಚ್ಚಿ ನೋಡಿದರು, ಹೊಗೆ ಸೇದುವ ವಸ್ತು ಎಂದು ಗೊತ್ತಾಯಿತು, ಸಂಜೆಗೆ ಬಿಟ್ಟರು. ಅಷ್ಟರಲ್ಲಿ ವಿಮಾನ ಹೋಗಿತ್ತು. ಸ್ಕೂಲು ರಜೆಯ ಸಮಯ, ಎಲ್ಲ ವಿಮಾನವೂ ತುಂಬಿದ್ದವು. ಜಾಗ ಸಿಕ್ಕಿದ್ದು ನಿಕಾಹ್ ಮುಗಿದ ಮೇಲೆ. ರುಕ್ಸಾನಾಳ ಪರವಾಗಿ ಅವಳ ಚಿಕ್ಕಪ್ಪ ಕೂತರು. ಹುಡುಗಿ ಕಬೂಲ್ ಎಂದಳು, ಅನ್ನದೆ ಏನು ಮಾಡುತ್ತಾಳೆ, ಹುಡುಗನ ಕಡೆಯವರು ಬಂದು ಕೂತಿದ್ದರು.

ಇಷ್ಟಕ್ಕೇ ಮುಗಿಯಲಿಲ್ಲ. ಒಂದು ವಾರ ಕಳೆದು ಇರ್ಫಾನನ ತಾಯಿ ನನ್ನ ಮಗನಿಗೆ ಫೋನು ಮಾಡಿದರು. ಗಲಾಟೆ ಮಾಡಲಿಲ್ಲ. ಇರ್ಫಾನ್ ಅದು ತನ್ನದಲ್ಲ ಅನ್ನುತ್ತಾನೆ, ಅಜ್ಜಿಯ ಡಬ್ಬಿಯಲ್ಲಿತ್ತು ಅನ್ನುತ್ತಾನೆ, ಒಂದು ಸಲ ನಿಮ್ಮ ತಾಯಿಯನ್ನು ಕೇಳಿ ಎಂದರಂತೆ. ಮಂಜ ಫೋನು ಕೈಯಲ್ಲಿ ಹಿಡಿದೇ ನನ್ನ ಮುಂದೆ ನಿಂತ.

'ಅಮ್ಮ, ಆ ಡಬ್ಬೀಲಿ ನೀನೇನಾದ್ರೂ ಇಟ್ಟಿದ್ಯಾ?'

'ದೇವರಾಣೆ ಇಲ್ಲ.'

ಮೊದಲನೆಯ ಸುಳ್ಳು ಹೆದರಿ ಹೇಳಿದ್ದು. ಇದು ಹಾಗಲ್ಲ. ಕೂತು, ಉಸಿರು ಎಳೆದುಕೊಂಡು, ದೇವರ ಹೆಸರು ಹಿಡಿದು ಹೇಳಿದ್ದು. ಮಗ ನನ್ನನ್ನು ನಂಬಿದ. ಆ ತಾಯಿ ನನ್ನ ಮಗನನ್ನು ನಂಬಿದರು. ತಂಗಿ ತಾಯಿಯನ್ನು ನಂಬಿದಳು. ತನ್ನ ಚಟದ ಸಾಮಾನನ್ನು ಬಚ್ಚಿಟ್ಟುಕೊಂಡು ಬರಲು ಹೋಗಿ ನಿಕಾಹ್ ತಪ್ಪಿಸಿಕೊಂಡ, ಮೇಲೆ ಒಂದು ಮುದುಕಿಯ ತಲೆಗೆ ಕಟ್ಟಿದ — ಇದು ಅವನ ಬಗ್ಗೆ ಅವನ ಸ್ವಂತ ಮನೆಯಲ್ಲಿ ನಿಂತ ಮಾತು. ರುಕ್ಸಾನಾ ಅಣ್ಣನ ಜೊತೆ ಮಾತು ಬಿಟ್ಟಳು. ನಿಕಾಹ್ ತಪ್ಪಿದ್ದಕ್ಕಲ್ಲವಂತೆ, ಸುಳ್ಳು ಹೇಳಿದ್ದಕ್ಕಂತೆ.

ಇಲ್ಲಿಯ ಮಾತು ಬೇರೆ. ಯುಗಾದಿಗೆ ನಮ್ಮ ಕನ್ನಡದವರೆಲ್ಲ ಒಂದು ಹಾಲ್ ಹಿಡಿದು ಸೇರಿದ್ದೆವು. ಪುಳಿಯೋಗರೆ ಸಾಲಿನಲ್ಲಿ ನಿಂತಾಗ ಒಬ್ಬಳು, 'ಆ ಇರ್ಫಾನ್ ನೋಡೋಕೆ ಎಷ್ಟು ಡೀಸೆಂಟ್ ಇದ್ದ ಅಲ್ವಾ' ಎಂದಳು. ಇನ್ನೊಬ್ಬ, 'ಚಟ್ನಿಪುಡೀಲಿ ಹೂತಿದ್ನಂತೆ ಮಾರಾಯ್ರೆ, ಎಂಥಾ ತಲೆ! ಇವತ್ತು ವೇಪು, ನಾಳೆ ಇನ್ನೇನೋ. ಅವರೆಲ್ಲ ಹಾಗೇ ಬಿಡಿ' ಎಂದ. ಅವರೆಲ್ಲ ಎಂದರೆ ಯಾರು ಎಂದು ಕೇಳಬೇಕಾದವಳು ನಾನು. ನನ್ನ ತಟ್ಟೆ ಮುಂದೆ ಚಾಚಿದೆ, ಬಡಿಸಿಕೊಂಡೆ, ಹೋಗಿ ಕೂತು ಉಂಡೆ. ಶನಿವಾರದ ಲೆಕ್ಕದ ಪಾಠವನ್ನು ಮಂಜ ನಿಲ್ಲಿಸಿಬಿಟ್ಟಿದ್ದ.

ನನ್ನ ಕಾಗದ ಬಂತು. ಉಳಿಯಬಹುದು ಎಂದರು. ಉಳಿದೆ.

ಆಮೇಲೆ ಒಮ್ಮೆ ಮಾತ್ರ ಅವನನ್ನು ಕಂಡೆ, ಸೊಲ್ಲೆಂಟುನಾ ಸ್ಟೇಷನ್ನಿನಲ್ಲಿ. ನಾನು ಸಾಮಾನಿನ ಚೀಲ ಎಳೆದುಕೊಂಡು ರೈಲು ಹತ್ತಲು ಒದ್ದಾಡುತ್ತಿದ್ದೆ. ಹಿಂದಿನಿಂದ ಒಂದು ಕೈ ಬಂದು ಚೀಲ ಎತ್ತಿ ಒಳಗಿಟ್ಟಿತು. 'ಚೆನ್ನಾಗಿದ್ದೀರಾ ಅಜ್ಜಿ' ಎಂದ. ನಮ್ಮ ಕಡೆಯ ಮಾತಲ್ಲ, ಬೇರೆ ಕನ್ನಡದವರ ಜೊತೆ ಆಡುವ ನಾಜೂಕಿನ ಮಾತು. ನಾನು ಹೂಂ ಎಂದೆ. ಅವನಿಗೆ ಗೊತ್ತು, ಅವನಿಗೆ ಗೊತ್ತೆಂದು ನನಗೆ ಗೊತ್ತು. ಕೇಳಲಿ, ಬೈಯಲಿ ಎಂದು ಕಾದೆ. ಅವನು ಮುಂದಿನ ಬೋಗಿಗೆ ಹೋಗಿ ಕೂತ.

ಹೀಗೆ ನಾಲ್ಕು ವರ್ಷ. ಒಳಗೊಳಗೇ ನನಗೊಂದು ಸಮಾಧಾನ ಇತ್ತು ಅಂತಲೂ ಬರೆಯಬೇಕು. ಅಂಥಾದ್ದೇನು ಇಟ್ಟೆ ನಾನು, ಬಂಗಾರವೇ, ಗಾಂಜಾವೇ? ಒಂದು ಸೇದುವ ಸಾಮಾನು. ಅದಕ್ಕೆ ಇಷ್ಟು ರಂಪ ಮಾಡಿದ್ದು ಏರ್‌ಪೋರ್ಟಿನವರು — ಹೀಗೆ ಅಂದುಕೊಂಡು ಮಲಗುತ್ತಿದ್ದೆ.

ಹೋದ ತಿಂಗಳು ಆ ಸಮಾಧಾನವೂ ಹೋಯಿತು. ಮಂಜ ಸಿಗರೇಟು ಬಿಡಲೆಂದು ಈಗ ತಾನೇ ಒಂದು ವೇಪು ಇಟ್ಟುಕೊಂಡಿದ್ದಾನೆ. ಎರಡು ವಾರಕ್ಕೆ ಊರಿಗೆ ಹೊರಟಿದ್ದ. ಸಂಜೆ ಪೆಟ್ಟಿಗೆ ತುಂಬುವಾಗ ಅದನ್ನು ಸಾಕ್ಸಿನ ಒಳಗೆ ತುರುಕಿದ. ಅನನ್ಯಳಿಗೆ ಈಗ ಹದಿನೇಳು. ನೋಡಿ ಕಿರುಚಿದಳು.

'ನೋ, ಪಪ್ಪ! ಆರ್ ಯೂ ಮ್ಯಾಡ್? ಅದನ್ನ ಚೆಕ್-ಇನ್ ಬ್ಯಾಗಲ್ಲಿ ಹಾಕೋ ಹಾಗೇ ಇಲ್ಲ!'

'ಒಂದು ಚಿಕ್ಕ ವೇಪ್ ಕಣೇ. ಯಾರು ನೋಡ್ತಾರೆ?'

ಅವಳು ಫೋನಿನಲ್ಲಿ ನಿಯಮ ತೆಗೆದು ಟೀಚರಮ್ಮನ ಹಾಗೆ ಓದಿದಳು. ಕೈಚೀಲದಲ್ಲೇ ಇರಬೇಕು. ಆಫ್ ಮಾಡಿರಬೇಕು, ಗುಂಡಿ ತಾನಾಗಿ ಒತ್ತಿಕೊಳ್ಳದ ಹಾಗೆ ನೋಡಿಕೊಳ್ಳಬೇಕು. ವಿಮಾನದಲ್ಲಿ ಚಾರ್ಜು ಮಾಡಬಾರದು, ಟಾಯ್ಲೆಟ್ಟಿಗೆ ಹೋಗಿಯೂ ಸೇದಬಾರದು. ಅದರ ಎಣ್ಣೆ ಚಿಕ್ಕ ಶೀಶೆಯಲ್ಲಿ, ಒಳಗಿನದು ಕಾಣುವ ಚೀಲದಲ್ಲಿ ಇರಬೇಕು. 'ಅಂಡ್ ಲಿಸನ್, ಇಂಡಿಯಾಗೆ ತಗೊಂಡೇ ಹೋಗೋ ಹಾಗಿಲ್ಲ. ಅಲ್ಲಿ ಬ್ಯಾನ್. ಕಸ್ಟಮ್ಸ್ ಅವ್ರು ಕಿತ್ಕೋತಾರೆ. ಇಲ್ಲೇ ಬಿಟ್ಟು ಹೋಗು.'

'ಕೆಳಗಿದ್ದರೇನು, ಮೇಲಿದ್ದರೇನು? ಒಂದೇ ವಿಮಾನ ತಾನೆ?' ನಾನು ಕೇಳಿದೆ. ಯಾಕೆ ಕೇಳಿದೆನೋ.

'ಅಜ್ಜಿ, ಗುಂಡಿ ಒತ್ಕೊಂಡ್ರೆ ಕಾಯತ್ತೆ. ಬ್ಯಾಟರಿಗೆ ಬೆಂಕಿ ಹತ್ಕೋಬಹುದು. ಮೇಲಿದ್ರೆ ಯಾರಾದ್ರೂ ನೋಡಿ ಆರಿಸ್ತಾರೆ. ಕೆಳಗೆ ಸೂಟ್‌ಕೇಸ್ ಒಳಗೆ ಹತ್ತಿದ್ರೆ ಯಾರು ನೋಡ್ತಾರೆ? ವಿಮಾನ ಆಕಾಶದಲ್ಲಿ ಇರತ್ತೆ ಅಲ್ವಾ.'

ಮಂಜ ನಕ್ಕ. 'ಸರಿ ತಾಯಿ, ಇಲ್ಲೇ ಬಿಡ್ತೀನಿ. ಇರ್ಫಾನ್ ಥರ ಆಗೋದು ಬೇಡ.'

ನನಗೆ ನನ್ನ ಮುಷ್ಟಿ ನೆನಪಾಯಿತು. ಎಣ್ಣೆ ಜಿನುಗುವ ಶೇಂಗಾಪುಡಿ. ಅದರ ನಡುವೆ ಆ ಸಾಮಾನು. ಗುಂಡಿ ಯಾವ ಕಡೆ ಇತ್ತು ಎಂದೂ ನೋಡದೆ ಅದುಮಿದ್ದೆ. ಆ ಡಬ್ಬಿಯನ್ನು ಮಿಷಿನ್ನು ಹಿಡಿಯದೇ ಹೋಗಿದ್ದರೆ ಅದರ ಮೇಲೆ ಇರ್ಫಾನ್ ಕೂತಿರುತ್ತಿದ್ದ. ಅವನಷ್ಟೇ ಅಲ್ಲ, ಕೂಸು ಎತ್ತಿಕೊಂಡವರು, ನನ್ನಂಥ ಮುದುಕಿಯರು, ಒಂದು ಊರಿನಷ್ಟು ಜನ. ನಾನು ಯಾರನ್ನು ರಂಪದವರು ಎಂದು ಬೈದುಕೊಂಡು ಮಲಗುತ್ತಿದ್ದೆನೋ ಅವರೇ ಇವರನ್ನೆಲ್ಲ ಉಳಿಸಿದ್ದು. ಸೊಸೆ ಊಟಕ್ಕೆ ಕರೆದಳು, ಹೋದೆ, ಅನ್ನ ಕಲಸಿದೆ. ಹಾಗೇ ತಟ್ಟೆ ಸರಿಸಿದೆ.

'ಇರ್ಫಾನ್ ಅಂಕಲ್ ಯಾವತ್ತೂ ವೇಪ್ ಮಾಡ್ತಿರ್ಲಿಲ್ಲ' ಎಂದಳು ಅನನ್ಯ, ಯಾರನ್ನೂ ನೋಡದೆ. 'ವಾಸನೆ ಬರತ್ತೆ ಅದು. ಪಕ್ಕದಲ್ಲೇ ಕೂತಿರ್ತಿದ್ದೆ ನಾನು.'

'ಹೋಗ್ಲಿ ಬಿಡು, ಹಳೇದು' ಎಂದ ಮಂಜ.

ಯಾರೂ ನನ್ನನ್ನು ಕೇಳಲಿಲ್ಲ. ಕೇಳುವುದೂ ಇಲ್ಲ ಇನ್ನು. ನಾನು ಸತ್ತರೆ ಇದು ನನ್ನ ಜೊತೆ ಹೋಗುತ್ತದೆ, ಇರ್ಫಾನನ ತಂಗಿಯ ಪಾಲಿಗೆ ಅವನು ಸುಳ್ಳುಗಾರನಾಗಿಯೇ ಉಳಿಯುತ್ತಾನೆ. ಅವನು ಎಷ್ಟು ಆಣೆ ಹಾಕಿದರೂ ನಡೆಯುವುದಿಲ್ಲ. ಅವನ ಮಾತಿಗೆ ಅಡ್ಡ ನಿಂತಿರುವುದು ನನ್ನ ಮಾತು. ತೆಗೆಯಬೇಕಾದವಳೂ ನಾನೇ.

ಮಾರನೆಯ ದಿನ ಬೆಳಗ್ಗೆ ಕಾಫಿಯ ಮುಂದೆ ಮಗ ಸೊಸೆಗೆ ಹೇಳಿದೆ. ಮೂರೇ ಮಾತಿನಲ್ಲಿ. ಮಂಜ ಲೋಟ ಕೆಳಗಿಟ್ಟ.

'ದೇವರಾಣೆ ಅಂದ್ಯಲ್ಲಮ್ಮ.'

'ಅಂದೆ.'

'ಈಗ ಯಾಕೆ ಹೇಳ್ತಿದ್ದೀಯ? ಎಲ್ಲಾರೂ ಮರ್ತಿದಾರೆ. ಈಗ ಹೋಗಿ ಎಲ್ಲಾ ಕೆದಕಿದ್ರೆ ನಮ್ಮ ಮುಖ ಎಲ್ಲಿ ಇಡೋದು?'

'ಅವ್ನು ಇಟ್ಕೊಂಡಿದ್ನಲ್ಲ ಇಷ್ಟು ವರ್ಷ, ಅಲ್ಲೇ ಇಡು' ಎಂದು ಎದ್ದು ಕೋಟು ಹಾಕಿಕೊಂಡೆ.

ಅನನ್ಯ ಏನೂ ಕೇಳದೆ ಸ್ಕೂಲಿಗೆ ಹೋಗುವುದಿಲ್ಲವೆಂದು ಮೆಸೇಜು ಹಾಕಿ ನನ್ನ ಜೊತೆ ಬಂದಳು. ರೈಲಿನಲ್ಲಿ ಅವಳಿಂದಲೇ ಗುಂಡಿ ಒತ್ತಿಸಿ, ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿಗೆ ನನ್ನ ದನಿಯಲ್ಲೇ ಹೇಳಿದೆ: ಪುಳಿಯೋಗರೆ ಸಾಲಿನಲ್ಲಿ ನೀವು ಆಡಿಕೊಂಡದ್ದು ನನ್ನನ್ನು, ಇರ್ಫಾನನನ್ನಲ್ಲ. ಅವರೆಲ್ಲ ಹಾಗೇ ಎಂದಿರಿ, ಹಾಗೆ ಮಾಡಿದವಳು ನಾನು. ಉತ್ತರ ನೋಡಲಿಲ್ಲ. ಫೋನನ್ನು ಅವಳ ಜೇಬಿಗೇ ಹಾಕಿದೆ.

ಇರ್ಫಾನ್ ಈಗಲೂ ಉಪ್ಸಾಲಾದಲ್ಲೇ ಕೆಲಸಕ್ಕಿದ್ದಾನೆ. ಬಾಗಿಲು ತೆಗೆದವನು ಮೊದಲು ಅನನ್ಯಳನ್ನು, ಆಮೇಲೆ ನನ್ನನ್ನು ನೋಡಿದ. ಒಳಗೆ ಬನ್ನಿ ಎನ್ನುವ ಮೊದಲೇ, ಹೊಸ್ತಿಲಾಚೆ ನಿಂತೇ ಹೇಳಿಬಿಟ್ಟೆ. ಒಳಗೆ ಹೋಗಿ ಕೂತರೆ ಟೀ ಮಾಡುತ್ತಾನೆ, ಟೀ ಕುಡಿದರೆ ನನಗೆ ಧೈರ್ಯ ಸಾಲುವುದಿಲ್ಲ. 'ಅದು ನಂದೇ ಕಣಪ್ಪ. ಗೊತ್ತಿದ್ದೂ ಗೊತ್ತಿದ್ದೂ ಇಲ್ಲ ಅಂದೆ. ಎರಡು ಸಲ.'

ಅವನು ಬಾಗಿಲ ಚೌಕಟ್ಟಿಗೆ ಕೈ ಊರಿ ನಿಂತ. ಪರವಾಗಿಲ್ಲ ಅನ್ನಲಿಲ್ಲ. ಅನ್ನಬಾರದಾಗಿತ್ತು, ಅನ್ನಲಿಲ್ಲ, ಒಳ್ಳೆಯದಾಯಿತು.

'ನಂಗೆ ಹೇಳಿ ಏನಾಗಬೇಕು ಅಜ್ಜಿ' ಎಂದ. 'ನಂಗೆ ಗೊತ್ತಿರೋದೇ.' ಜೇಬಿನಿಂದ ಫೋನು ತೆಗೆದು ಯಾವುದೋ ಹೆಸರಿನ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದ. 'ಅವ್ಳಿಗೆ ಹೇಳ್ತೀರಾ?'

'ಅದಕ್ಕೇ ಬಂದೆ.'

ಅವನ ಫೋನಿನಿಂದ ಹೋದರೆ ಎತ್ತುವುದಿಲ್ಲವೆಂದು ಅನನ್ಯಳ ಫೋನಿನಿಂದ ಮಾಡಿದ. ತೆರೆಯ ಮೇಲೆ ರುಕ್ಸಾನಾ ಬಂದಳು, ಸೊಂಟದ ಮೇಲೆ ಮಗು, ತವರಿಗೆ ಬಂದಿದ್ದಳಂತೆ. ಯಾರು ಎಂದಳು. ನಾನು ಚಳ್ಳಕೆರೆಯ ತಿಪ್ಪಮ್ಮ, ನಿನ್ನ ಅಣ್ಣನ ಕೈಯಲ್ಲಿ ಡಬ್ಬಿ ಕೊಟ್ಟವಳು ಎಂದೆ. ಅವಳ ಮುಖ ಬಿಗಿಯಾಯಿತು. ಫೋನು ಇಟ್ಟುಬಿಡುತ್ತಾಳೆ ಎಂದು ಹೆದರಿ ಒಂದೇ ಉಸಿರಿಗೆ ಹೇಳಿದೆ — ಆ ಸಾಮಾನು ನನ್ನದು, ಪುಡಿಯೊಳಗೆ ಹೂತದ್ದು ನಾನು, ನಿನ್ನ ಅಣ್ಣನಿಗೆ ತಿಳಿದಿರಲಿಲ್ಲ, ಅವನು ಪೊಲೀಸರ ಮುಂದೆ ಕೂತು ಕೇಳಿದಾಗ ನಾನು ಸುಳ್ಳು ಹೇಳಿದೆ, ನಿನ್ನ ತಾಯಿ ಕೇಳಿಸಿದಾಗಲೂ ಸುಳ್ಳು ಹೇಳಿದೆ. ನಿನ್ನ ನಿಕಾಹಿನಲ್ಲಿ ಅವನು ಕೂರದ ಹಾಗೆ ಮಾಡಿದವಳು ನಾನು.

ಮಗು ಅವಳ ಬಳೆ ಎಳೆಯುತ್ತಿತ್ತು. ಅವಳು ನನ್ನನ್ನೇ ನೋಡುತ್ತಿದ್ದಳು. ಇರ್ಫಾನ್ ಗೋಡೆಯ ಕಡೆ ಮುಖ ಮಾಡಿದ್ದ.

'ಅಲ್ಲೇ ಇರಿ' ಎಂದಳು ಕೊನೆಗೆ. 'ಇಡಬ್ಯಾಡ್ರಿ. ಅಮ್ಮೀನ ಕರೀತೀನಿ. ಇನ್ನೊಂದು ಸಲ ಹೇಳ್ರಿ.'

ಅವಳ ತಾಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಕೂತರು. ನಾನು ಮೊದಲಿನಿಂದ ಹೇಳಿದೆ.